ಚುಕ್ಕಿ ತಪ್ಪಿರಲಿಲ್ಲ

ಸಾಲಿ ದಾಖಲೆ ಪ್ರಕಾರ ಜೂನ್ ಒಂದಕ್ಕೆ
ಅಪ್ಪಗೆ ಎಪ್ಪತ್ತೈದು.
ಚಿತ್ತಾಪುರದಲ್ಲಿ ಆತನ ವಾರಿಗೆಯವರೆಲ್ಲ
ಜೂನ್ ಒಂದಕ್ಕೇ ಹುಟ್ಟಿದವರು,
ಹೆಡ್ ಮಾಸ್ತರರ ಒಂದೇ ದೌತಿಯಿಂದ.

ಏನು ಕೊಡಲಿ ಅಂತ ಯೋಚಿಸಿ ಯೋಚಿಸಿ
ಆತನ ಟ್ರಂಕು ತೆಗೆದೆ.
ತಳದಲ್ಲಿ, ಹಳದಿ ಅರಿವೆಯೊಳಗೆ, ಆ ಚೀಟಿ.
ಬಂಡೆಪ್ಪಜ್ಜನ ಕೈಬರಹ ಅಂತ ಉಳಿದದ್ದು ಅದೊಂದೇ.
ಅಜ್ಜ ನಿಜಾಮರ ಕಾಲದ ಸಾಲಿ ಕಲಿತವ, ಬರೆದದ್ದೆಲ್ಲ ಉರ್ದು.
ಅಪ್ಪ ಹೋಗುವ ಹೊತ್ತಿಗೆ ಹಲಗೆ ಮೇಲೆ ಕನ್ನಡ ಬಂದಿತ್ತು.
ಹಾಗಾಗಿ ಓದದೆಯೇ, ವರ್ಷಾ ದೀಪಾವಳಿ ಲೆಕ್ಕದ ಪೂಜೆಗೆ
ಚೀಟಿಗೆ ವಿಭೂತಿ ಹಚ್ಚಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.
'ಏನ್ ಬರ್ದದ ಅಪ್ಪಾ?'
'ಹಿರೇರ ಆಶೀರ್ವಾದ. ಮತ್ತೇನಿರ್ತದ.'

ನನ್ನದು ಭೂಮಾಪನ ಇಲಾಖೆಯ ಕೈ.
ಇಪ್ಪತ್ತು ವರ್ಷ ಮಂದಿಯ ಹೊಲದ ಗಡಿ ಟ್ರೇಸ್ ಮಾಡಿದೆ,
ಒಳಗೆ ಏನು ಬೆಳೆದಿದೆ ಅಂತ ಕೇಳಿದವಳಲ್ಲ.
ಹಾಗೇ ಅಜ್ಜನ ಸಾಲುಗಳನ್ನೂ ಇಳಿಸಿದೆ,
ಭೂತಗನ್ನಡಿ ಇಟ್ಟು, ಹತ್ತು ಪಟ್ಟು ಹಿಗ್ಗಿಸಿ.
ಶಹಾಬಾದ್ ಫರಸಿ, ಮೂರಡಿಯದು, ಆರಿಸಿ
ದುರ್ಗಪ್ಪನಿಗೆ ಕೊಟ್ಟೆ.
'ಬಳ್ಳಿ ಹೆಂಗರ ಕಡೀತೀನ್ರಿ ಅಕ್ಕಾ,
ಚುಕ್ಕಿ ಎಷ್ಟು ಬೀಳಬೇಕು, ಅದು ಹೇಳ್ರಿ ಅಟೇ.'
ಎಣಿಸಿ ಹೇಳಿದೆ: ಅರವತ್ತೆರಡು.

ರಾತ್ರೋರಾತ್ರಿ ಗೇಟಿನ ಪಕ್ಕದ ಗೋಡೆಗೆ ಕೂಡಿಸಿದೆವು.
ಬೆಳಿಗ್ಗೆ ಅಪ್ಪ ಧೋತರ ಸರಿಮಾಡಿಕೊಳ್ಳುತ್ತ ಹೊರಬಂದ.
ನೋಡಿದ. ಮುಟ್ಟಿದ.
ಓಣಿಯ ಎದುರಿಗೇ ಅತ್ತುಬಿಟ್ಟ.
ನಾನು ಗೆದ್ದೆ ಅಂದುಕೊಂಡೆ.

ಸುಸಲಾ ಮಿರ್ಚಿಗೆ ಕರೆದ ಮಂದಿಯಲ್ಲಿ
ತಸ್ಲೀಮಾ ಮೇಡಂ, ಉರ್ದು ಹೈಸ್ಕೂಲಿನಿಂದ ರಿಟೈರಾದವರು,
ಗೇಟಿನಲ್ಲೇ ನಿಂತುಬಿಟ್ಟರು.
ಕನ್ನಡಕ ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು.
'ಇದು... ಯಾರು ಹಾಕ್ಸಿದ್ದು?'
'ನಮ್ಮ ಮಗಳು! ಜೋರಾಗಿ ಓದ್ರಿ ಮೇಡಂ, ಎಲ್ಲರೂ ಕೇಳಲಿ.'
'ಒಳಗ ಹೋಗಿ ಓದೋಣ ತಗೋರಿ.'
'ಇಲ್ಲೇ ಓದ್ರಿ.'

ಓದಿದರು, ಪಾಪ, ತರಗತಿಯ ದನಿಯಲ್ಲಿ,
ಮೊದಲು ಉರ್ದು, ಆಮೇಲೆ ಕನ್ನಡ:
'ಲಾಲಪ್ಪಾ, ನಾ ವಾಡಿಯಿಂದ ಬರೋತನಕ
ನಮ್ಮ ಅಣವೀರನ ಕೈಗೆ ಗಲ್ಲೆ ಕೀಲಿ ಕೊಡಬ್ಯಾಡ.
ಹುಡುಗ ಕಳ್ಳ ಆಗ್ಯಾನ.
ನಿನ್ನೆ ಎಂಟಾಣೆ ಹೊಡದಾನ.'

ಅಣವೀರಪ್ಪ ಅಂದರೆ ನಮ್ಮಪ್ಪ.
ಸಹಕಾರಿ ಬ್ಯಾಂಕಿನಲ್ಲಿ ಮೂವತ್ತಾರು ವರ್ಷ
ಕ್ಯಾಷಿಯರ್.

ಯಾರದೋ ಮಿರ್ಚಿ ಗಂಟಲಿಗೆ ಹತ್ತಿತು.
ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಒಳಗೋಡಿದ್ದು
ಅಳಲಿಕ್ಕಲ್ಲ ಅಂತ ಆಕೆಯ ಹೆಗಲು ಹೇಳುತ್ತಿತ್ತು.
ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟು.

ಅಪ್ಪ ಕಟ್ಟೆ ಮೇಲೆ ಕೂತ. ಭಾಳ ಹೊತ್ತು.
'ಇನ್ನೊಮ್ಮೆ ಓದ್ರಿ.'
ಮೇಡಂ ಓದಿದರು.
'ನಮ್ಮ ಅಣವೀರ ಅಂತೇ ಬರ್ದಾರೇನು?'
'ಹೌದ್ರಿ. ಹಮಾರಾ ಅಂತದ.'
'ಎದುರಿಗೆ ಒಮ್ಮಿನೂ ಹಂಗ ಅನ್ಲಿಲ್ಲ.'
ಆಮೇಲೆ ಕಲ್ಲಿನ ಕಡೆ ತಿರುಗಿ,
ತಡವಾಗಿ ಸಿಕ್ಕ ಸಾಕ್ಷಿಯ ಹಾಗೆ:
'ಆದ್ರ ಎಂಟಾಣೆ ಅಲ್ಲ. ನಾಕಾಣೆ.
ಉಳಿದದ್ದು ಲಾಲಪ್ಪ ತಿಂದಾನ.'

ಎರಡು ದಿನ ಬಿಟ್ಟು ದುರ್ಗಪ್ಪನನ್ನು ಕರೆಸಿದೆ.
'ಏಳಂಗಿಲ್ಲ ಅಕ್ಕಾ, ಗಟ್ಟಿ ಹಿಡದದ. ಒಡೀಬೇಕು.'
ಒಳಗಿನಿಂದ ಅಪ್ಪ ಕೆಮ್ಮಿದ, ಬ್ಯಾಡ ಅನ್ನುವ ಹಾಗೆ.

ಕಲ್ಲು ಅಲ್ಲೇ ಅದ.
ಓದಲು ಬರದವರು ಹೋಗುತ್ತ ಬರುತ್ತ ಕೈ ಮುಗಿಯುತ್ತಾರೆ.
ಮೊನ್ನೆ ಯಾರೋ ಊದಿನಕಡ್ಡಿ ಸಿಕ್ಕಿಸಿದ್ದರು.
ಅಪ್ಪ ಧೋತರದ ಚುಂಗಿನಿಂದ ಬೂದಿ ಒರೆಸುತ್ತಿದ್ದ,
ಒಂದೊಂದೇ ಚುಕ್ಕಿ ಮುಟ್ಟಿ,
ದಿನದ ಕೊನೆಗೆ ನೋಟು ಎಣಿಸುವವನಂತೆ.